ಮುಂದಿನ ಚಿಕ್ಕ ಚಕ್ರ

ಅವನ ತಾಯಿ ಶನಿವಾರ ಬಿಟ್ಟುಹೋದರು,
ಕೆಟ್ಟ ಮಿಕ್ಸಿಯನ್ನು ಅಂಗಡಿಯಲ್ಲಿ ಬಿಟ್ಟುಹೋಗುವ ಹಾಗೆ:
"ಏನೂ ಮಾಡಲ್ಲ ಮೇಡಂ. ಯಾಕೋ ಅಂದ್ರೆ 'ಸುಮ್ನೆ' ಅಂತಾನೆ."
ಹದಿನಾರು ವರ್ಷ. ಹೆಸರು ಚಿರಂತ್.
ಹಣೆ ತುಂಬಾ ಕೂದಲು, ಕಿವಿಗೆರಡು ಬಿಳಿ ಬಿರಡೆ.

ಲಿಂಗರಾಜಪುರದ ಮೇಲ್ಸೇತುವೆ ಪಕ್ಕ ನಮ್ಮ ತಗಡಿನ ಶೆಡ್ಡು,
ಒಳಗೆ ಕುಂಟುವ ಗಾಲಿಕುರ್ಚಿಗಳು, ಮೂವತ್ತೋ ಮೂವತ್ತೈದೋ.
ನಾನು ಜಾಲಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ ಗಡಿಯಾರ ಕೂಡಿಸಿದವಳು;
ಕಾರ್ಖಾನೆ ನಿಂತಿತು, ಕೈ ನಿಲ್ಲಲಿಲ್ಲ.
ಉಪದೇಶಕ್ಕೆ ನನಗೆ ಬಿಡುವಿಲ್ಲ.
ಸೀಮೆಎಣ್ಣೆ ಡಬ್ಬಿ, ಸವೆದ ಹಲ್ಲುಜ್ಜುವ ಬ್ರಷ್ಷು ಮುಂದಿಟ್ಟೆ:
"ಬೇರಿಂಗು ತೊಳಿ."

ಮೊದಲ ವಾರ ತೊಳೆದ. ಒಂದು ಚಕ್ರ ಕೂಡಿಸಿಯೂ ಇಟ್ಟ,
ನಾನು ತಿರುಗಿ ನೋಡಲಿಲ್ಲ.
ಎರಡನೇ ವಾರ ಬರಲೇ ಇಲ್ಲ.
ಮೂರನೆಯದರಲ್ಲಿ ಮೂಲೆ ಹಿಡಿದು ಫೋನು ಸವರಿದ,
ಟೀ ಬಂದಾಗ ಮಾತ್ರ ತಲೆಯೆತ್ತಿದ.
ನಾನೂ ಅಂದುಕೊಂಡೆ, ಬಿಡು, ಇದರೊಳಗೆ ಸ್ಪ್ರಿಂಗೇ ಇಲ್ಲ.

ಆಮೇಲೆ ನಸ್ರೀನ್ ಬಂದಳು ಟ್ಯಾನರಿ ರೋಡಿನಿಂದ,
ಅಣ್ಣನ ಆಟೋದಲ್ಲಿ ಕುರ್ಚಿ ಮಡಚಿಟ್ಟುಕೊಂಡು.
ಜರಿ ಕೆಲಸದ ಹುಡುಗಿ, ಬಾಯಿ ಕತ್ತರಿ.
"ಯಾರಪ್ಪಾ ಇದನ್ನ ಜೋಡಿಸಿದ್ದು? ಎಡಕ್ಕೇ ಎಳೀತದೆ.
ಬಸ್ ಸ್ಟಾಪಿಗೆ ಅಂತ ಹೊರಟ್ರೆ ಮೋರಿಗೆ ಕರ್ಕೊಂಡು ಹೋಗ್ತದೆ!"

ಅವನು ಬಿರಡೆ ತೆಗೆದ, ಒಂದು ಕಿವಿಯದು.
"ನಾನು," ಅಂದ.

ನೆಲಕ್ಕೆ ಕೆನ್ನೆಯಿಟ್ಟು ಮಲಗಿ ನೋಡಿದ.
ಮುಂದಿನ ಚಿಕ್ಕ ಚಕ್ರದಲ್ಲಿ ಒಂದು ವಾಷರು ಕಡಿಮೆ.
ಅವಳು ಬೆಂಚಿನ ಮೇಲೆ ಕೂತು ಕಾದಳು, ಕಾಯುವುದು ಎಲ್ಲರಿಗೂ ಕಾಣುವ ಹಾಗೆ.
ಮೂರು ಸಲ ಬಿಚ್ಚಿದ. ಊಟ ಬಿಟ್ಟ.
ನಾನು ಹೇಳಿದ್ದು ಒಂದೇ ಮಾತು, ಅದೂ ಕೆಲಸದ್ದು:
"ನಿಂತಿರುವಾಗ ಈ ಚಕ್ರ ಎತ್ತಲೋ ಮುಖ ಮಾಡಿರುತ್ತೆ,
ಅದು ತಪ್ಪಲ್ಲ. ಮೊದಲು ತಳ್ಳು, ಆಮೇಲೆ ನೋಡು."

ಓಣಿಯುದ್ದಕ್ಕೂ ತಾನೇ ತಳ್ಳಿಕೊಂಡು ಹೋದಳು ನಸ್ರೀನ್,
ನೀರಿನ ಟ್ಯಾಂಕರು, ಕಡಲೆಕಾಯಿ ಗಾಡಿ ದಾಟಿ,
ನೇರ.
ತಿರುಗಿ ಬಂದು "ಪರವಾಗಿಲ್ಲ" ಅಂದಳು.
ಅವಳ ಬಾಯಲ್ಲಿ ಅದು ದೊಡ್ಡ ಮಾತು.

ತಾಯಿ ಫೋನಿನಲ್ಲಿ ಕೇಳುತ್ತಾರೆ: ಮುಂದೇನು ಓದ್ತಾನಂತೆ?
ನನಗೇನು ಗೊತ್ತು. ಗಣಿತ ಇನ್ನೂ ಬಾಕಿ ಇದೆ.
ಕೂದಲೂ ಹಾಗೇ ಇದೆ.
ಈ ಶನಿವಾರ ಬೀಗದಕೈ ಹಿಡಿದು ಬಂದರೆ
ಶಟರಿನ ಮುಂದೆ ಕೂತಿದ್ದ,
ಅಂಗೈಯಲ್ಲಿ ಎಂಟು ವಾಷರು, ಎಸ್.ಪಿ. ರಸ್ತೆಯಿಂದ ತಂದದ್ದು,
ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಾ.
"ಲೇಟಾಯ್ತಲ್ಲ ಮೇಡಂ,"
ಅಂದ, ನನಗೆ.