ನೂರಕ್ಕೆ ಒಂದು ಕಡಿಮೆ

ಪುಂತಾ ಅರೇನಸ್‌ನಲ್ಲಿ ಗಾಳಿ ನಿಂತ ರಾತ್ರಿ
ಮೊದಲು ಕೇಳಿದ್ದು ಅದು.
ಜೂನ್ ತಿಂಗಳು. ಇಲ್ಲಿಗದು ಚಳಿಗಾಲ.
ಬೇಸಿಗೆಯುದ್ದಕ್ಕೂ ತಗಡಿನ ಮಾಡನ್ನು
ಕಿತ್ತುಕೊಂಡೇ ಹೋಗುತ್ತೇನೆಂದು ಹಟ ಹಿಡಿದಿದ್ದ ಗಾಳಿ
ಹೇಳದೆ ಎದ್ದುಹೋದ ನೆಂಟನ ಹಾಗೆ ಹೋದ ಮೇಲೆ
ಕೋಣೆಯಲ್ಲಿ ಉಳಿದದ್ದು
ನಾನು, ಉಣ್ಣೆ ಗೋದಾಮಿನ ಲೆಕ್ಕ,
ಮತ್ತೆ ಒಂದು ಸಣ್ಣ ಜುಂಯ್.

ಮೊದಲು ಫ್ರಿಜ್ಜಿನ ಮೇಲೆ ಗುಮಾನಿ. ಪ್ಲಗ್ ಕಿತ್ತೆ.
ಟ್ಯೂಬ್‌ಲೈಟು ಆರಿಸಿದೆ.
ನನ್ನದೇ ಕಿವಿ ಇರಬೇಕೆಂದು ಬೆರಳಿಟ್ಟು ಮುಚ್ಚಿದೆ:
ನಿಂತಿತು. ತೆಗೆದೆ: ಬಂತು.
ಸದ್ಯ, ಹೊರಗಿನದು.

ಕತ್ತಲಲ್ಲಿ ಮೂಸುವ ನಾಯಿಯಂತೆ
ಮೇಜಿಗೆ ಮೂರು ಸುತ್ತು ಬಂದು
ಕೊನೆಗೆ ಲ್ಯಾಪ್‌ಟಾಪಿನ ಪರದೆಗೆ ಕೆನ್ನೆ ತಾಗಿಸಿದಾಗ ಸಿಕ್ಕಿತು,
ಕೀಲಿನ ಎಡಕ್ಕೆ, ಎರಡು ಬೆರಳು ಮೇಲೆ.

ಚಾರ್ಜರ್ ಕಿತ್ತೆ. ಜುಂಯ್.
ಸ್ಪೀಕರಿನ ಬಾಯಿ ಮುಚ್ಚಿಸಿದೆ. ಜುಂಯ್.
ಫ್ಯಾನು ಮಲಗಿತ್ತು, ಅದರ ತಪ್ಪೇನಿಲ್ಲ.
ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ
ಗದರಿಸಿಕೊಂಡ ಮಗುವಿನ ಹಾಗೆ ಒಂದು ಗಳಿಗೆ ತಗ್ಗಿ
ಬಿಟ್ಟೊಡನೆ ಮತ್ತೆ ಅದೇ ರಾಗ.

ಖಾಲಿ ಹಾಳೆ ತೆರೆದರೆ ಮೆತ್ತಗೆ.
ಲೆಕ್ಕದ ಪಟ್ಟಿ ತೆರೆದರೆ, ಆ ಸಣ್ಣ ಸಣ್ಣ ಗೆರೆಗಳ ಮೇಲೆ,
ಎಳೆದು ಕಟ್ಟಿದ ತಂತಿ.
ಸಾಲುಗಳನ್ನು ಜಾರಿಸಿದಂತೆ ಅದೂ ಜಾರುತ್ತದೆ.
ಬಾಕಿ ಕೊಡದವರ ಹೆಸರು ಬಂದಾಗ ಏರುತ್ತದೆ ಎಂದು
ನನಗೆ ಅನಿಸಿದ್ದು ರಾತ್ರಿ ಎರಡು ಗಂಟೆಗೆ;
ಆ ಹೊತ್ತಿನ ಅನಿಸಿಕೆಗೆ ನಾನು ಸಾಕ್ಷಿ ಹೇಳುವುದಿಲ್ಲ.

ಬೆಳಕಿನ ಗುಂಡಿಗೆ ಬೆರಳು ಹೋದದ್ದು ಆಮೇಲೆ.
ನಲವತ್ತರಲ್ಲಿ ಜೋರು. ಎಪ್ಪತ್ತರಲ್ಲಿ ಸಣ್ಣಗೆ.
ತೊಂಬತ್ತೊಂಬತ್ತರಲ್ಲೂ ಒಂದು ಎಳೆ.
ನೂರರಲ್ಲಿ
ಇಲ್ಲ.

ಮತ್ತೆ ಇಳಿಸಿದೆ, ಏರಿಸಿದೆ. ಇದೆ. ಇಲ್ಲ. ಇದೆ.
ಪೂರ್ತಿ ಉರಿಯಲು ಬಿಟ್ಟರೆ ಮೌನವಂತೆ ಇದಕ್ಕೆ;
ತಗ್ಗಿ ಬಗ್ಗಿ ನಡೆ ಅಂದರೆ ಗೊಣಗು.

ಮಾರನೆಯ ದಿನ ಎಲೆಯುತೇರಿಯೊ ಬಾರ್ರಿಯನ ಅಂಗಡಿ.
ಮೂವತ್ತು ವರ್ಷ ಪೊರ್ವೆನೀರ್ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು
ಈಗ ರೇಡಿಯೊ, ಇಸ್ತ್ರಿಪೆಟ್ಟಿಗೆ, ಬಂದದ್ದನ್ನೆಲ್ಲ ಬಿಚ್ಚುವವನು.
ಸ್ಕ್ರೂಡ್ರೈವರಿನ ತುದಿ ಪರದೆಯ ಅಂಚಿಗೆ, ಹಿಡಿ ಕಿವಿಗೆ,
ನಾಡಿ ನೋಡುವವನ ಗಾಂಭೀರ್ಯ.
'ಕೇಳಿಸಿತೇ?' ಅಂದೆ.
'ಹೂಂ' ಅಂದ.
'ಯಾತರದ್ದು?' ಅಂದೆ.
'ಹೂಂ' ಅಂದ.

ಮೂಲೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ಮೊಮ್ಮಗಳು ರಾಯೆನ್,
ಒಂಬತ್ತು ವರ್ಷ, ತಲೆಯೆತ್ತದೆ ಹೇಳಿದಳು:
'ಜೋರಾಗೇ ಇದೆ. ತಾತನಿಗೆ ಅಷ್ಟು ಸಣ್ಣದು ಕೇಳಿಸೋದಿಲ್ಲ.
ಕೇಳಿಸದೆ ಇದ್ದಾಗಲೇ ಅವನು ಹೂಂ ಅನ್ನೋದು.'

ಅಂಗಡಿಯಲ್ಲಿ ಆಗ ಆ ಜುಂಯ್ ಒಂದೇ ಸದ್ದು,
ಮೂವರಲ್ಲಿ ಇಬ್ಬರಿಗೆ.
ಮುದುಕ ನಮ್ಮ ಮುಖಗಳನ್ನು ನೋಡಿದ,
ಸ್ಕ್ರೂಡ್ರೈವರನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಕೆಳಗಿಟ್ಟ.

ಬೇರೆ ಪರದೆ ಸಾಂತಿಯಾಗೊದಿಂದ ಬರಬೇಕು,
ಆ ಬೆಲೆಗೆ ಹೊಸದೇ ಬಂದೀತು.
'ನೂರರಲ್ಲೇ ಇಟ್ಟುಕೊಳ್ಳಿ' ಅಂದ. ದುಡ್ಡು ಬೇಡವೆಂದ,
ಕಿವಿಗೆ ಬೀಳದ ಕಾಯಿಲೆಗೆ ಎಂಥ ಶುಲ್ಕ.
ಸಂಜೆ ರುಬಾರ್ಬ್ ಮುರಬ್ಬದ ಸೀಸೆಯೊಂದನ್ನು
ರಾಯೆನ್ ಕೈಗೆ ಕೊಟ್ಟು ಬಂದೆ.

ಅಂದಿನಿಂದ ನಡುರಾತ್ರಿ ಕಪ್ಪು ಕನ್ನಡಕ ಹಾಕಿ ಲೆಕ್ಕ ಬರೆದೆ.
ಸೂರ್ಯನೇ ಏಳೂವರೆ ಗಂಟೆ ಮಾತ್ರ ಕೆಲಸ ಮಾಡುವ ತಿಂಗಳಲ್ಲಿ!
ಎದುರು ಮನೆಯ ದೊನ್ಯಾ ಮಿಲೆಂಕಾ ಕಿಟಕಿಯಿಂದ ನೋಡಿ
ಎದೆಯ ಮೇಲೆ ಶಿಲುಬೆ ಬರೆದುಕೊಂಡು
ತನ್ನ ಪರದೆ ಎಳೆದಳು.

ಸೆಪ್ಟೆಂಬರಿನಲ್ಲಿ ಗಾಳಿ ಹಿಂತಿರುಗಿತು.
ಬೀದಿ ಮೂಲೆಗಳಲ್ಲಿ, ಜನ ಹಿಡಿದು ದಾಟಲೆಂದು, ಹಗ್ಗ ಕಟ್ಟಿದರು.
ತಗಡು ಹಳೆಯ ಜಗಳ ತೆಗೆಯಿತು.
ಬೆಳಕನ್ನು ನಲವತ್ತಕ್ಕೆ ಇಳಿಸಿದೆ. ಏನೂ ಇಲ್ಲ.
ಕನ್ನಡಕ ತೆಗೆದು, ಯಾಕೋ,
ಪರದೆಗೆ ಕೆನ್ನೆ ತಾಗಿಸಿ ನೋಡಿದೆ:
ಕೀಲಿನ ಎಡಕ್ಕೆ, ಎರಡು ಬೆರಳು ಮೇಲೆ.

ಮೊನ್ನೆ ಹಗ್ಗ ಹಿಡಿದು ದಾಟುವಾಗ ಎದುರಿಗೆ ಬಾರ್ರಿಯ.
ಏನೋ ಕೇಳಿದ. ಗಾಳಿ ಕಿತ್ತುಕೊಂಡು ಹೋಯಿತು.
ನಾನು 'ಹೂಂ' ಅಂದೆ.