ಹತ್ತೂವರೆ

ಲಿಮಾದ ಮರಳುಗುಡ್ಡ. ನಲ್ಲಿಯಿಲ್ಲ, ನೀರು ಲಾರಿಯಲ್ಲಿ.
ಮಗನ ಬೆರಳು ಚುಚ್ಚಿ ನರ್ಸಮ್ಮ ಬರೆದಳು: ಒಂಬತ್ತು.
ರಕ್ತ ಸಾಲದು, ಮಾಂಸ ಕೊಡಿ ಅಂದಳು.
ಬೆಲೆ ಬರೆಯಲಿಲ್ಲ.

ಇಲ್ಲಿನ ನಾಣ್ಯದ ಹೆಸರೇ ಸೋಲ್.
ಹೆರ್ಮೆಲಿಂಡಾಳ ಮುಷ್ಟಿಯಲ್ಲಿ ನಾಲ್ಕು.
ಸಂತೆಯೆಲ್ಲ ಸುತ್ತಿ ಕೊನೆಗೆ ನಿಂತಳು
ಕೋಳಿ ಕೊಯ್ಯುವವನ ಬಕೆಟ್ಟಿನ ಮುಂದೆ:
ಹೆಪ್ಪುಗಟ್ಟಿದ ನೆತ್ತರು,
ಯಾರಿಗೂ ಬೇಡವಾದದ್ದು.

ಈರುಳ್ಳಿ ಕೆಂಪಾಗುವವರೆಗೂ ಸುಮ್ಮನಿದ್ದಳು.
ಆಮೇಲೆ ಪುದೀನ, ಚೂರು ಮೆಣಸು,
ಇಳಿಸಿದ ಮೇಲೆ ನಿಂಬೆ.
"ಇದೇನು, ಇಷ್ಟು ಕಪ್ಪಗೆ?"
"ಚಾಕೊಲೇಟಿನ ಅಣ್ಣ ಕಣೋ."
ನಂಬಲಿಲ್ಲ ಹುಡುಗ.
ತಟ್ಟೆ ಮಾತ್ರ ನೆಕ್ಕಿದ.

ಮೂರು ತಿಂಗಳಿಗೆ ಚೀಟಿಯಲ್ಲಿ ಹತ್ತೂವರೆ.
ಏನು ಕೊಟ್ಟೆ, ಕೇಳಿದಳು ನರ್ಸಮ್ಮ,
ಪೆನ್ನು ಎತ್ತಿ ಹಿಡಿದು.

ದಿನಕ್ಕೊಂದು ಸೋಲು,
ಅಂದಳು ಹೆರ್ಮೆಲಿಂಡಾ.