ನೋಡೋಣ

ಒಗುಲ್‌ಗೆರೆಕ್: ನಮ್ಮಲ್ಲಿ ಅದಕ್ಕೆ ‘ಗಂಡು ಬೇಕು’ ಎಂದರ್ಥ.
ನಾಲ್ಕನೆಯ ಹೆಣ್ಣಾಗಿ ಹುಟ್ಟಿದೆ; ಅಪ್ಪ
ಮೇಲಿನವನಿಗೆ ಬರೆದ ಅರ್ಜಿಯನ್ನೇ
ಹೆಸರೆಂದು ಹೊತ್ತು ತಿರುಗುತ್ತೇನೆ.
ಕೆಲಸ: ದುಭಾಷಿ.

ಬೆಳಿಗ್ಗೆ ಉತ್ತರದವರು. ಮಧ್ಯಾಹ್ನ ಪೂರ್ವದವರು.
ನಡುವೆ ನಲವತ್ತು ನಿಮಿಷ,
ಬಾವುಟ ಬದಲಿಸಲು, ಕರ್ಬೂಜದ ಸಿಪ್ಪೆ ಎತ್ತಲು,
ಸಚಿವರ ನಗೆಗೆ ತುಸು ವಿಶ್ರಾಂತಿ.

‘ಕೊಳವೆ ಹೂತವರು ನಮ್ಮ ಅಜ್ಜಂದಿರು.
ಕೊಳವೆಯಿಲ್ಲದೆ ನಿಮ್ಮ ಅನಿಲ
ಮರಳಡಿಯ ಗಾಳಿ’ ಎಂದರು ಮೊದಲಿನವರು,
ರೊಟ್ಟಿಯನ್ನು ಬೋರಲು ಇಟ್ಟು.
ಸಚಿವರು ಮಾತು ಕೇಳುತ್ತಲೇ ಕೈಚಾಚಿ
ಅದನ್ನು ಮಗುಚಿ ಮುಖ ಮೇಲೆ ಮಾಡಿದರು.
ಅದನ್ನು ನಾನು ಅನುವಾದಿಸಲಿಲ್ಲ.

‘ಸಾಲ ಕೊಟ್ಟೆವು, ಹೊಸ ಕೊಳವೆ ಕೊಟ್ಟೆವು,
ಇನ್ನು ಮೂವತ್ತು ವರ್ಷ
ಉಸಿರು ನಮ್ಮ ಕಡೆಗೇ ಬಿಡಿ’
ಎಂದರು ನಂತರದವರು, ಬಹಳ ಮೆಲ್ಲಗೆ.
ಇಬ್ಬರೂ ‘ಸೋದರ’ ಅಂದರು. ಎರಡೂ ನುಡಿಯಲ್ಲಿ
ಆ ಪದದ ಬೆನ್ನಿಗೇ ಒಂದು ಅಂಕಿ ಬರುತ್ತದೆ.

ಇಬ್ಬರಿಗೂ ಸಚಿವರದು ಒಂದೇ ಉತ್ತರ: ‘ಗೊರೆರಿಸ್.’
ನೋಡೋಣ.
ಹಾಗೆಯೇ ದಾಟಿಸಿದೆ, ಕೂಡಿಸದೆ, ಕಳೆಯದೆ.
ಉತ್ತರದವರು ಬರೆದುಕೊಂಡರು: ಒಪ್ಪಿದಂತೆ.
ಪೂರ್ವದವರೂ.

ನನಗೆ ಒಂಬತ್ತಿರುವಾಗ ದರಕ್ಕೆ ಜಗಳವಾಗಿ
ಉತ್ತರದ ಕವಾಟ ಮುಚ್ಚಿತು.
ಕಂಪ್ರೆಸರ್ ಠಾಣೆಯ ಅಪ್ಪ
ಕೊಳವೆಗೆ ಕಿವಿಯಿಟ್ಟು ಬಂದು ‘ಮಲಗಿದೆ’ ಅಂದ,
ರೋಗಿಯ ಸುದ್ದಿ ಹೇಳುವವನಂತೆ.
ಆ ವರ್ಷ ಸಂಬಳದ ಬದಲು ರಬ್ಬರ್ ಬೂಟು ಬಂದವು,
ಎಲ್ಲವೂ ನಲವತ್ನಾಲ್ಕನೆಯ ಅಳತೆ.
ಮಳೆ ಕಾಣದ ಕರಕುಮಿನಲ್ಲಿ
ನಾಲ್ವರು ಹೆಣ್ಣುಮಕ್ಕಳು ಲಟಪಟ ನಡೆದೆವು.

ಅಜ್ಜಿ ಆಗ ಒಲೆಯನ್ನೇ ಆರಿಸುತ್ತಿರಲಿಲ್ಲ.
ಅನಿಲ ಬಿಟ್ಟಿ, ಬೆಂಕಿಕಡ್ಡಿಗೆ ಕಾಸು;
ಹಗಲಿರುಳು ನೀಲಿ ಉರಿ.
‘ಇವತ್ತೂ ಒಂದು ಕಡ್ಡಿ ಉಳಿಯಿತು’
ಎಂದೇ ಹೊದ್ದುಕೊಳ್ಳುತ್ತಿದ್ದಳು.
ಮೀಟರು ಬರುವ ಮೊದಲು ಹೋದಳು, ಪುಣ್ಯ.

ಸಂಜೆ ಮೆಟ್ಟಿಲ ಬಳಿ ಪೂರ್ವದ ಹಿರಿಯರು
ಸಿಗರೇಟು ಬಾಯಿಗಿಟ್ಟು ಜೇಬು ತಡವಿದರು.
ನೆಲದಡಿ ಇಷ್ಟು ಉರಿ ಬಚ್ಚಿಟ್ಟ ನಾಡು;
ಸಚಿವರ ಬಳಿ ಕಡ್ಡಿಯಿಲ್ಲ,
ಕಾವಲಿನವನು ತಲೆಯಾಡಿಸಿದ.
ನನ್ನ ಚೀಲದಲ್ಲಿತ್ತು, ಅಜ್ಜಿ ಉಳಿಸಿದ ಪೆಟ್ಟಿಗೆ.
ಮೂರನೆಯ ಗೀರಿಗೆ ಹತ್ತಿತು.
ಅವರು ನನ್ನ ಅಂಗೈಯ ಮರೆಗೆ ಬಾಗಿದರು,
ಆ ದಿನ ಯಾರಾದರೂ ಬಾಗಿದ್ದು ಅದೊಂದೇ ಸಲ.

‘ಇನ್ನೂ ಇವೆಯೇ?’ ಕೇಳಿದರು, ತಮ್ಮ ನುಡಿಯಲ್ಲಿ.
ಬೆಳಗಿನಿಂದ ಮೊದಲ ಸಲ
ಯಾರದೋ ಮಾತಲ್ಲ, ನನ್ನದೇ ಆಡಿದೆ:
ನೋಡೋಣ.